ಹಳೇ ಬುಲೆಟ್ ಆಯಿಲ್ ಸೋರ್ತೈತಿ, ನೀವೇನ್ ಮಾಡಿದ್ರಿ? ರಾಯಚೂರು, ಕೊಪ್ಪಳ, ಬಳ್ಳಾರಿ ಕಡಿಯವ್ರು ಹೇಳ್ರಿ

ಕೊಪ್ಪಳದಿಂದ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮಪ್ಪಾರದು 1986ರ ಬುಲೆಟ್ 350 ಐತಿ, ಕಾಸ್ಟ್ ಐರನ್ ಇಂಜಿನ್ನು, ಬಲಗಾಲ ಗೇರು. ಭಾಳ ವರ್ಷ ಹಿತ್ತಲದಾಗ ನಿಂತಿತ್ತು, ಈಗ ಚಾಲೂ ಮಾಡಸೀನಿ, ಆದ್ರ ಆಯಿಲ್ ಸೋರೋದು ನಿಂದ್ರವಲ್ದು. ಎಡಕ್ಕ ಪ್ರೈಮರಿ ಕವರ್ (ಕ್ಲಚ್ಚು, ಚೈನು ಮುಚ್ಚೋ ಕವರ್) ಕೆಳಗ ಹನಿ ಬೀಳ್ತೈತಿ, ಬಲಕ್ಕ ಟ್ಯಾಪೆಟ್ ಡೋರ್ (ಪುಶ್ ರಾಡ್ ಮುಂದಿನ ಸಣ್ಣ ಮುಚ್ಚಳ) ಸುತ್ತ ಒದ್ದಿ ಆಗ್ತೈತಿ, ನಾಕು ದಿನ ನಿಂದ್ರಿಸಿ ಕಿಕ್ ಹೊಡದ್ರ ಬ್ರೀದರ್ ಪೈಪಿನಿಂದ (ಇಂಜಿನ್ ಒಳಗಿನ ಗಾಳಿ ಹೊರಗ ಹೋಗೋ ಪೈಪು) ಒಮ್ಮೆಲೆ ಆಯಿಲ್ ಉಗುಳ್ತೈತಿ. ಇಂಜಿನ್ ಬಿಸಿ ಆದ ಮ್ಯಾಲ ಆಫ್ ಮಾಡಿದ್ರ ಮತ್ತ ಸ್ಟಾರ್ಟ್ ಆಗಾಕ ಒಲ್ಲೆ ಅಂತೈತಿ. ಇಲ್ಲಿ ಒಬ್ರು ಮೆಕ್ಯಾನಿಕ್ ಇಂಜಿನ್ ಪೂರಾ ಬಿಚ್ಚಬೇಕು ಅಂತಾರ. ಬಿಚ್ಚಸ್ಲೋ ಬ್ಯಾಡೋ? ಇಂಥಾ ಗಾಡಿ ಇಟ್ಟಾವ್ರು ಅನುಭವ ಹೇಳ್ರಿ.

ಸಿಂಧನೂರಿಂದ:

ತಮ್ಮಾ, ಬಿಚ್ಚಸಬ್ಯಾಡ, ಇನ್ನೂ ಅಲ್ಲಿತನ ಹೋಗೂ ಮಾತಲ್ಲ. ಮೂರು ಕಡಿ ಸೋರಾಕತ್ತೈತಿ ಅಂದ್ರ ಮೂರು ರೋಗ ಅಂತ ತಿಳ್ಕೊಂಡು ಮೂರು ಗ್ಯಾಸ್ಕೆಟ್ ಬದಲಿ ಮಾಡಸ್ತಾರ ಮಂದಿ, ವಾರದಾಗ ಮತ್ತ ಅದ ಹಾಡು. ನನಗ ಅನಸೋದು ನಿಂದು ಮೂಲ ಒಂದ ಐತಿ, ಒಳಗಿನ ಪ್ರೆಶರ್ ಹೊರಗ ಹೋಗಾಕ ಸರಿಯಾದ ದಾರಿ ಇಲ್ಲ.

ಈ ಇಂಜಿನ್ನಾಗ ಆಯಿಲ್ ಟ್ಯಾಂಕು ಕ್ರ್ಯಾಂಕ್ ಕೇಸಿನಾಗ (ಇಂಜಿನ್ನಿನ ಕೆಳಗಿನ ಪೆಟ್ಟಿಗ್ಯಾಗ) ಒಂದು ಖಾನೆ ಮಾಡಿ ಕೊಟ್ಟಾರ, ಹೊರಗ ಕಾಣಂಗಿಲ್ಲ. ಬಲಗಡೆ ಟೈಮಿಂಗ್ ಕವರಿನಾಗ ಎರಡು ಪಂಪು, ಒಂದು ಆಯಿಲ್ ಕಳಸ್ತೈತಿ, ಇನ್ನೊಂದು ಕ್ರ್ಯಾಂಕ್ ಕೆಳಗ ಬಿದ್ದದ್ದನ್ನ ಎತ್ತಿ ವಾಪಸ್ ಟ್ಯಾಂಕಿಗೆ ಹಾಕ್ತೈತಿ. ಗಾಡಿ ನಿಂತಲ್ಲೇ ನಿಂತ್ರ ಸವದ ಪಂಪಿನ ಸಂದಿಯಿಂದ ಟ್ಯಾಂಕಿನ ಆಯಿಲ್ ಸಾವಕಾಶ ಕ್ರ್ಯಾಂಕ್ ಕಡಿ ಇಳೀತೈತಿ, ಇದಕ್ಕ ವೆಟ್ ಸಂಪಿಂಗ್ ಅಂತಾರ. ಆಮ್ಯಾಲ ನೀ ಕಿಕ್ ಹೊಡದಾಗ ಅಷ್ಟೂ ಆಯಿಲ್ ಎಲ್ಲಿ ಹೋಗ್ಬೇಕು, ಬ್ರೀದರಿನಿಂದ ಹೊರಗ ಬರ್ತೈತಿ. ಇದರಾಗ ಇನ್ನೊಂದು ಮೋಸ ಐತಿ ನೋಡು, ಮುಂಜಾನೆ ಡಿಪ್ ಸ್ಟಿಕ್ ತಗದು ನೋಡಿದ್ರ ಟ್ಯಾಂಕ್ ಖಾಲಿ ಕಾಣ್ತೈತಿ, ಪಾಪ ಆಯಿಲ್ ಕಡಿಮಿ ಆಗೇತಿ ಅಂತ ಮ್ಯಾಲ ಸುರೀತಾರ, ಇಂಜಿನ್ ಚಾಲೂ ಆಗಿ ಕೆಳಗಿಂದು ವಾಪಸ್ ಬಂದಾಗ ಟ್ಯಾಂಕ್ ತುಂಬಿ ಜಾಸ್ತಿ ಆಗಿರ್ತೈತಿ. ಲೆವೆಲ್ ಯಾವಾಗ್ಲೂ ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿದ ಕೂಡ್ಲೇ ನೋಡ್ಬೇಕು. ನೀ ಈಗ ಮೊದ್ಲು ಕ್ರ್ಯಾಂಕ್ ಕಡಿ ಡ್ರೈನ್ ಬೋಲ್ಟ್ ಬಿಚ್ಚು, ಟ್ಯಾಂಕಿಂದು ಬ್ಯಾರೆ ಇರ್ತೈತಿ ಅದಲ್ಲ, ಎಷ್ಟು ಬರ್ತೈತಿ ನೋಡಿ ಇಲ್ಲೆ ಹೇಳು. ತಗದ ಆಯಿಲ್ ದಯವಿಟ್ಟು ಕಾಲುವಿಗೆ ಹರಿಬಿಡಬ್ಯಾಡ, ನಮ್ಮ ತುಂಗಭದ್ರಾ ಎಡದಂಡೆ ಕಾಲುವಿ ನೀರ ಮುಂದ ಎಷ್ಟೋ ಊರಿಗೆ ಕುಡ್ಯಾಕ ಹೋಗ್ತೈತಿ, ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡು.

ಆಮ್ಯಾಲ ಬ್ರೀದರ್. ಪಿಸ್ಟನ್ ಕೆಳಗ ಬಂದಾಗೆಲ್ಲ ಒಳಗಿನ ಗಾಳಿ ಹೊರಗ ಹೋಗ್ಬೇಕು, ಮ್ಯಾಲ ಹೋದಾಗ ಹೊರಗಿಂದು ಒಳಗ ಬರಬಾರದು, ಅದಕ್ಕ ಬಾತುಕೋಳಿ ಕೊಕ್ಕಿನಂಥ ರಬ್ಬರ್ ತುಂಡು ಇರ್ತೈತಿ. ನಮ್ಮ ಕಡಿ ಬಿಸ್ಲಿಗೆ ಅದು ಬಿರುಸಾಗಿ ಬಾಯಿ ಕಚ್ಕೊಂಡು ಕುಂದರ್ತೈತಿ. ಒಳಗ ಪ್ರೆಶರ್ ಏರಿ ಟ್ಯಾಪೆಟ್ ಡೋರ್, ಪ್ರೈಮರಿ, ರಾಕರ್ ಕವರ್, ಎಲ್ಲಿ ಸಡಿಲ ಸಿಗ್ತೈತಿ ಅಲ್ಲೆ ಆಯಿಲ್ ತಳ್ತೈತಿ. ಇಂಜಿನ್ ಓಡೂವಾಗ ಪೈಪಿನ ಬಾಯಿಗೆ ಅಂಗೈ ಹಿಡಿ, ಗಾಳಿ ಹೊರಗ ಬರೋದು ಗೊತ್ತಾಗ್ಬೇಕು, ಒಳಗ ಎಳಕೊಳ್ಳಬಾರದು. ಹೊಸಾ ರಬ್ಬರ್ ಹಾಕಿದ ಮ್ಯಾಲೂ ಜೋರಾಗಿ ಹೊಗಿ ಸಮೇತ ಗಾಳಿ ಬರಾಕತ್ರ ಆಗ ಪಿಸ್ಟನ್ ರಿಂಗಿನ ವಿಚಾರ, ಬೋರ್ (ಸಿಲಿಂಡರ್) ಬಿಚ್ಚೋ ಮಾತು ಆವಾಗ.

ಬಳ್ಳಾರಿಯಿಂದ:

ಸಿಂಧನೂರು ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪ್ರೈಮರಿ ಕವರ್ ವಿಷಯ ಅಷ್ಟೇ ಹೇಳ್ತೀನಿ. ಆ ಕವರಿಗೆ ನಡುವೆ ಒಂದೇ ನಟ್ಟು. ಸೋರ್ತೈತೆ ಅಂತ ಕಂಡ ಕಂಡವ್ರೆಲ್ಲ ಅದನ್ನೇ ಬಿಗಿ ಮಾಡಿ ಮಾಡಿ ಕವರ್ ಬಾಗಿ ಹೋಗಿರ್ತೈತೆ, ಅಂಚಿಗೆ ರಬ್ಬರ್ ಸರಿಯಾಗಿ ಕೂರಲ್ಲ, ಬಿಗಿ ಮಾಡಿದಷ್ಟೂ ಸೋರಿಕೆ ಜಾಸ್ತಿ. ಕವರ್ ಬಿಚ್ಚಿ ಸಪಾಟಾದ ಗಾಜಿನ ಮೇಲೆ ಬೋರಲು ಇಟ್ಟು ಅಂಚು ಎಲ್ಲಿ ಎದ್ದೈತೆ ನೋಡ್ರಿ. ಹಳೇ ರಬ್ಬರ್ ಕೂತಿದ್ದ ಸಂದು ಪೂರ್ತಿ ಕೆರೆದು, ಹೊಸದಕ್ಕೆ ಸ್ವಲ್ಪ ಗ್ರೀಸ್ ಸವರಿ ಕೂರಿಸಿ, ಹದವಾಗಿ ಬಿಗಿ ಮಾಡಿದ್ರೆ ಸಾಕು. ಇನ್ನೊಂದು, ಒಳಗಿನ ಆಯಿಲ್ ಲೆವೆಲ್ ಸ್ಕ್ರೂವರೆಗೆ ಅಷ್ಟೇ ಇರ್ಬೇಕು, ಜಾಸ್ತಿ ಹಾಕಿದ್ರೆ ಹೊರಗೆ ಬಂದೇ ಬರ್ತೈತೆ.

ಮತ್ತೆ ಸಿಲಿಕಾನ್ ಪೇಸ್ಟ್ ಬಗ್ಗೆ ನನಗೆ ನಿಜವಾಗ್ಲೂ ಸಂಕಟ ಆಗ್ತೈತೆ. ಗ್ಯಾರೇಜಲ್ಲಿ ಟ್ಯೂಬ್ ಹಿಂಡಿ ಹಿಂಡಿ ಹಚ್ತಾರೆ, ಹೊರಗೆ ಬಂದಿದ್ದು ಕಣ್ಣಿಗೆ ಕಾಣ್ತೈತೆ, ಒಳಗೆ ಅಷ್ಟೇ ಹೋಗಿರ್ತೈತೆ. ಟೈಮಿಂಗ್ ಕವರಲ್ಲಿ ಆಯಿಲ್ ಹೋಗೋ ತೂತು ಇದಾವೆ, ಪೇಸ್ಟಿನ ತುಣುಕು ಕಿತ್ತು ಅಲ್ಲಿ ಸಿಕ್ಕಿದ್ರೆ ಬಿಗ್ ಎಂಡಿಗೆ (ಕ್ರ್ಯಾಂಕಿನ ಬೇರಿಂಗಿಗೆ) ಆಯಿಲ್ ಹೋಗಲ್ಲ, ಸೋರೋ ಇಂಜಿನ್ ಉಳಿಸೋಕೆ ಹೋಗಿ ಇಂಜಿನ್ನೇ ಕಳ್ಕೋತೀರಿ. ಅಲ್ಲಿ ಪೇಪರ್ ಗ್ಯಾಸ್ಕೆಟ್ ಮಾತ್ರ ಹಾಕ್ಸ್ರಿ, ನೀವೇ ಎದುರಿಗೆ ನಿಂತು ಹಾಕ್ಸ್ರಿ.

ಸಂಡೂರು, ತೋರಣಗಲ್ ಕಡೆ ಓಡಿಸೋರಿಗೆ ಒಂದು ಮಾತು. ಅದಿರಿನ ಕೆಂಪು ಧೂಳು ಆಯಿಲ್ ಜಿಡ್ಡಿಗೆ ಅಂಟಿ ಇಂಜಿನ್ ತುಂಬಾ ಸೋರಿದಂಗೆ ಕಾಣ್ತೈತೆ, ಎಲ್ಲಿಂದ ಅಂತ ಗೊತ್ತೇ ಆಗಲ್ಲ. ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು, ಪೂರ್ತಿ ಒಣಗಿಸಿ, ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿ ಒಂದು ರೌಂಡ್ ಹೋಗಿ ಬರ್ರಿ, ಮೊದ್ಲು ಎಲ್ಲಿ ಒದ್ದೆ ಆಗ್ತೈತೋ ಅದೇ ಜಾಗ. ಗಾಳಿಗೆ ಆಯಿಲ್ ಹಿಂದಕ್ಕೆ ಹರೀತೈತೆ, ಅದಕ್ಕೇ ಮೇಲಿಂದ, ಮುಂದಿಂದ ಹುಡುಕ್ತಾ ಬರ್ಬೇಕು.

ರಾಯಚೂರಿಂದ:

ನಮ್ಮಲ್ಲಿ ಮೇ ತಿಂಗಳದಾಗ 42 ಡಿಗ್ರಿ ಸಹಜ ಅದ, ಹಿಂಗಾಗಿ ಬಿಸಿ ಆದ ಮ್ಯಾಲ ಸ್ಟಾರ್ಟ್ ಆಗದ ತೊಂದ್ರಿ ನನಗ ಚೊಲೋ ಪರಿಚಯ ಅದ. ಮೊದ್ಲು ಕಂಡೆನ್ಸರ್ ಮ್ಯಾಲ (ಪಾಯಿಂಟಿಗೆ ಜೋಡಿಸಿದ ಸಣ್ಣ ಬಿಡಿಭಾಗ) ಅನುಮಾನ ಪಡ್ರಿ. ತಣ್ಣಗಿದ್ದಾಗ ಕೆಲ್ಸ ಮಾಡ್ತದ, ಕಾದ ಮ್ಯಾಲ ಕೈ ಕೊಡ್ತದ, ಪಾಯಿಂಟಿನಾಗ (ಕಿಡಿಗೆ ಕರೆಂಟ್ ಕಡಿಯೋ ಸ್ವಿಚ್ಚಿನಾಗ) ಕಿಡಿ ಜಾಸ್ತಿ ಹಾರಿ ಪ್ಲಗ್ಗಿಗೆ ಹೋಗೋ ಕಿಡಿ ಸಣ್ಣಾಗ್ತದ. ಪಾಯಿಂಟ್ ಸುಟ್ಟು ಕರ್ರಗಾಗಿತ್ತಂದ್ರ ಅನುಮಾನ ಇನ್ನೂ ಗಟ್ಟಿ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇರ್ಬೇಕು, ಫೀಲರ್ ಗೇಜ್ ಹಾಕಿ ನೋಡ್ರಿ, ಕಣ್ಣಂದಾಜು ಬ್ಯಾಡ.

ಅದು ಸರಿ ಇದ್ರ ಟ್ಯಾಪೆಟ್, ಅಂದ್ರ ವಾಲ್ವ್ ಸಂದಿನ ಸೆಟ್ಟಿಂಗ್ ನೋಡ್ರಿ. ಇಂಜಿನ್ ಪೂರಾ ತಣ್ಣಗಿರ್ಬೇಕು, ಪಿಸ್ಟನ್ ಕಂಪ್ರೆಶನ್ನಿನಾಗ ಮ್ಯಾಲ ಇರ್ಬೇಕು, ಆಗ ಪುಶ್ ರಾಡ್ ಬೆರಳಿನಾಗ ಸಲೀಸು ತಿರುಗ್ಬೇಕು, ಮ್ಯಾಲ ಕೆಳಗ ಮಾತ್ರ ಅಲ್ಲಾಡಬಾರದು. ಟೈಟ್ ಇಟ್ರ ಕಾದಾಗ ವಾಲ್ವ್ ಪೂರಾ ಮುಚ್ಚಂಗಿಲ್ಲ, ಕಂಪ್ರೆಶನ್ ಹೋಗ್ತದ. ಹೆಂಗೂ ಟ್ಯಾಪೆಟ್ ಡೋರ್ ಬಿಚ್ಚಿರ್ತೀರಿ, ಆವಾಗೇ ಅದರ ಗ್ಯಾಸ್ಕೆಟ್ ಹೊಸದು ಹಾಕ್ರಿ, ಅದಕ್ಕೂ ಒಂದೇ ನಟ್ಟು, ಅದನ್ನೂ ಜಗ್ಗಿ ಬಿಗಿ ಮಾಡಿದ್ರ ಬಾಗ್ತದ.

ರಾಕರಿಗೆ ಹೋಗೋ ಸಣ್ಣ ಆಯಿಲ್ ಪೈಪಿನ ಬ್ಯಾಂಜೋ ಬೋಲ್ಟ್ (ಆಯಿಲ್ ಹೋಗಾಕ ಒಳಗ ತೂತಿದ್ದ ಬೋಲ್ಟ್) ಹತ್ರ ಜಿನುಗಿದ್ರ ತಾಮ್ರದ ವಾಶರ್ ಒಗೀಬ್ಯಾಡ್ರಿ, ಗ್ಯಾಸ್ ಒಲಿ ಮ್ಯಾಲ ಕೆಂಪಗ ಕಾಸಿ ನೀರಾಗ ಹಾಕಿದ್ರ ಮತ್ತ ಮೆತ್ತಗಾಗ್ತದ, ತಿಕ್ಕಿ ಸ್ವಚ್ಛ ಮಾಡಿ ಹಾಕ್ರಿ. ಆಯಿಲ್ 20ಡಬ್ಲ್ಯೂ50 ಸಾಕು. ಸೋರೋದು ನಿಂದ್ರಸಲಿಕ್ಕೆ ಅಂತ ಭಾಳ ಗಟ್ಟಿ ಆಯಿಲ್ ಹಾಕ್ಸೋರು ಅದಾರ, ನನಗ ಅದು ಒಪ್ಪಿಗಿ ಇಲ್ಲ, ಮುಂಜಾನೆ ಚಾಲೂ ಮಾಡಿದ ಕೂಡ್ಲೇ ಮ್ಯಾಲಿನತನ ಆಯಿಲ್ ಮುಟ್ಟೂದು ತಡ ಆಗ್ತದ. ಫೆಲ್ಟ್ ಫಿಲ್ಟರ್ ಬದಲಿ ಮಾಡೂದು ಮರೀಬ್ಯಾಡ್ರಿ, ನಿಂತ ಗಾಡ್ಯಾಗ ಅದು ಕೊಳಿಯಿಂದ ತುಂಬಿರ್ತದ.

ಗಂಗಾವತಿಯಿಂದ:

ನಂದು ಯೆಜ್ಡಿ, ಮೈಸೂರಾಗ 1996ರತನ ತಯಾರಾಗ್ತಿದ್ದದ್ದು. ಯೆಜ್ಡಿ ಇದ್ದವ್ರು ಯಾರರ ಇದನ್ನ ಓದಾಕತ್ತಿದ್ರ ಅಂತ ಹೇಳ್ತೀನಿ, ಟೂ ಸ್ಟ್ರೋಕಿನಾಗ ಲೆಕ್ಕ ಬ್ಯಾರೆ. ಎಡಗಡೆ ಕ್ರ್ಯಾಂಕ್ ಸೀಲ್ ಹೋದ್ರ ಆಯಿಲ್ ಹೊರಗ ಸೋರಂಗ ಇಲ್ಲ, ಗೇರ್ ಬಾಕ್ಸ್ ಆಯಿಲ್ಲನ್ನ ಇಂಜಿನ್ನ ಎಳಕೊಂಡು ಸುಡ್ತೈತಿ. ನೆಲದ ಮ್ಯಾಲ ಒಂದು ಹನಿ ಇಲ್ಲ, ಗೇರ್ ಬಾಕ್ಸ್ ಆಯಿಲ್ ಕಡಿಮಿ ಆಗ್ತೈತಿ, ಬಿಳಿ ಹೊಗಿ ನಿಲ್ಲಂಗಿಲ್ಲ ಅಂದ್ರ ಆ ಸೀಲ್ ನೋಡಸ್ರಿ.

ಕೊಪ್ಪಳದಿಂದ ಮತ್ತ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಸಿಂಧನೂರು ಅಣ್ಣಾರ ಹೇಳಿದಂಗ ಕ್ರ್ಯಾಂಕ್ ಡ್ರೈನ್ ಬಿಚ್ಚಿದ್ರ ಸಣ್ಣ ಬೋಗುಣಿ ತುಂಬಾ ಆಯಿಲ್ ಬಂತು. ಬ್ರೀದರ್ ರಬ್ಬರ್ ಒತ್ತಿದ್ರ ಬಾಯಿ ಬಿಡವಲ್ದಾಗಿತ್ತು, ಹೊಸದು ಹಾಕೀನಿ, ಟ್ಯಾಪೆಟ್ ಡೋರ್ ಈಗ ಒಣಾ ಐತಿ. ಉಗುಳೋದೂ ಕಡಿಮಿ ಆಗೇತಿ. ಪಾಯಿಂಟ್ ಸುಟ್ಟಿತ್ತು, ಕಂಡೆನ್ಸರ್ ಸಮೇತ ಬದಲಿ ಮಾಡಿದ ಮ್ಯಾಲ ಬಿಸಿ ಇದ್ರೂ ಒಂದೆರಡು ಕಿಕ್ಕಿಗೆ ಏಳ್ತೈತಿ, ಅಪ್ಪಾರು ಭಾಳ ಖುಷಿ ಆಗ್ಯಾರ. ಪ್ರೈಮರಿ ಒಂದು ಇನ್ನೂ ಹನಸ್ತೈತಿ, ಹೊಸಾ ರಬ್ಬರ್ ತಂದಿಟ್ಟೀನಿ.

ಬಳ್ಳಾರಿಯಿಂದ:

ಸಂತೋಷ ಆಯ್ತು ತಮ್ಮ. ಆದ್ರೆ ಕವರ್ ಬಿಚ್ಚೋ ಮುಂಚೆ ಒಂದು ಕೆಲ್ಸ ಮಾಡು, ಪ್ರೈಮರಿ ಲೆವೆಲ್ ಸರಿ ಮಾಡಿಟ್ಟು ನಾಕು ದಿನ ಓಡ್ಸಿ, ಮತ್ತೆ ಲೆವೆಲ್ ಸ್ಕ್ರೂ ತೆಗೆದು ನೋಡು. ಇದ್ದಷ್ಟೇ ಇದ್ರೆ ಇಲ್ಲಾ ಇಳಿದಿದ್ರೆ ರಬ್ಬರ್ ಸಾಕು. ಲೆವೆಲ್ ಏರಿ ಸ್ಕ್ರೂ ತೂತಿಂದ ಆಯಿಲ್ ಹರಿದ್ರೆ ಇಂಜಿನ್ ಆಯಿಲ್ಲೇ ಕ್ರ್ಯಾಂಕ್ ಸೀಲ್ ದಾಟಿ ಬರ್ತೈತೆ ಅಂತ ಅರ್ಥ, ಆಗ ಕ್ಲಚ್ಚು, ಚೈನು, ಇಂಜಿನ್ ಸ್ಪ್ರಾಕೆಟ್ ಎಲ್ಲ ಬಿಚ್ಚಬೇಕಾಗ್ತೈತೆ. ಅದಕ್ಕೆ ಪುಲ್ಲರ್ (ಎಳೆದು ಬಿಡಿಸೋ ಉಪಕರಣ) ಇಟ್ಟಿರೋ ಗ್ಯಾರೇಜಿಗೇ ಹೋಗು, ಸುತ್ತಿಗೆಯಲ್ಲಿ ಹೊಡೆದು ತೆಗೀತೀನಿ ಅನ್ನೋರ ಹತ್ರ ಬೇಡ.