ಆರ್‌ಎಕ್ಸ್ 100ರ ಫೋರ್ಕ್‌ಗೆ ದಪ್ಪ ಆಯಿಲ್ ಹಾಕಿದರೆ ಸಾಕೇ?

ಪ್ರಶ್ನೆ (ಸುರತ್ಕಲ್):
ನನ್ನಲ್ಲಿ 1990ರ ಯಮಹಾ ಆರ್‌ಎಕ್ಸ್ 100 ಬೈಕ್ ಇದೆ. ಎಂಜಿನ್ ಕೆಲಸ ಮುಗಿದು ಗಾಡಿ ಚೆನ್ನಾಗಿ ಓಡುತ್ತಿದ್ದರೂ ಮುಂಭಾಗ ಮಾತ್ರ ಹತೋಟಿಗೆ ಬಂದಿಲ್ಲ. ಬ್ರೇಕ್ ಹಿಡಿದ ಕೂಡಲೇ ಮುಂದಕ್ಕೆ ಕುಸಿಯುತ್ತದೆ. ಸಣ್ಣ ಹೊಂಡಕ್ಕೂ ಹ್ಯಾಂಡಲ್‌ವರೆಗೆ ಪೆಟ್ಟು ಬರುತ್ತದೆ. ಫೋರ್ಕ್‌ನ (ಮುಂದಿನ ಚಕ್ರ ಹಿಡಿದಿರುವ, ಪೆಟ್ಟು ತಡೆಯುವ ಎರಡು ಕಾಲುಗಳ) ಎಡಗಡೆಯ ಪೈಪ್‌ನಲ್ಲಿ ಆಯಿಲ್ ಜಿನುಗುತ್ತಿದೆ. 10ಡಬ್ಲ್ಯೂ ಬದಲು ಅದಕ್ಕಿಂತ ದಪ್ಪನೆಯ 20ಡಬ್ಲ್ಯೂ ಫೋರ್ಕ್ ಆಯಿಲ್ ಹಾಕುವಂತೆ ಗ್ಯಾರೇಜಿನಲ್ಲಿ ಹೇಳುತ್ತಾರೆ. ಹಾಕಬಹುದೇ? ಗಾಡಿಯ ಮೂಲ ಭಾಗಗಳನ್ನು ಆದಷ್ಟು ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ.

ಉತ್ತರ (ಮಲ್ಪೆ):
ದಯವಿಟ್ಟು ಆಯಿಲ್ ವಿಚಾರವನ್ನು ಕೊನೆಗಿಟ್ಟುಕೊಳ್ಳಿ. ಈ ಫೋರ್ಕ್‌ನಲ್ಲಿ ಆಯಿಲ್ ಒಳಗಿರುವ ಡ್ಯಾಂಪರ್ ರಾಡ್ ಎಂಬ ಕೊಳವೆಯ ಸಣ್ಣ ರಂಧ್ರಗಳ ಮೂಲಕ ಹಾಯಬೇಕು. ಬ್ರೇಕ್ ಹಿಡಿದಾಗ ಫೋರ್ಕ್ ನಿಧಾನವಾಗಿ ಇಳಿಯುವುದರಿಂದ ಆ ರಂಧ್ರಗಳು ಹೆಚ್ಚು ತಡೆಯೊಡ್ಡುವುದಿಲ್ಲ, ಆದರೆ ಚಕ್ರ ಹೊಂಡದ ಅಂಚಿಗೆ ಬಡಿದಾಗ ಆಯಿಲ್ ಅಷ್ಟೇ ಬೇಗ ನುಗ್ಗಲಾರದೆ ಫೋರ್ಕ್ ಬಿಗಿದುಕೊಳ್ಳುತ್ತದೆ. ದಪ್ಪ ಆಯಿಲ್ ಹಾಕಿದರೆ ಕುಸಿತ ತುಸು ನಿಧಾನವಾದೀತು, ಪೆಟ್ಟು ಮಾತ್ರ ಇನ್ನೂ ಜೋರಾಗುತ್ತದೆ.

ಮೊದಲು ಪೈಪ್ ನೋಡಿ. ನಮ್ಮ ಕಡಲ ಉಪ್ಪುಗಾಳಿಗೆ ಕ್ರೋಮ್‌ನಲ್ಲಿ ಸೂಜಿಮೊನೆಯಷ್ಟು ತುಕ್ಕಿನ ಕುಳಿಗಳು ಬೀಳುತ್ತವೆ. ಪೈಪ್ ಒರೆಸಿ ಉಗುರನ್ನು ಮೇಲಿನಿಂದ ಕೆಳಗೆ ಎಳೆಯಿರಿ. ಆಯಿಲ್ ಹೊರಬರದಂತೆ ತಡೆಯುವ ಸೀಲ್ ಓಡಾಡುವ ಜಾಗದಲ್ಲಿ ಉಗುರು ತಡೆದರೆ ಹೊಸ ಆಯಿಲ್ ಸೀಲ್ ಹಾಕಿದರೂ ಹೆಚ್ಚು ದಿನ ಬಾಳುವುದಿಲ್ಲ. ಅಂತಹ ಪೈಪ್‌ಗೆ ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸಬೇಕು, ಇಲ್ಲವೇ ಬದಲಿಸಬೇಕು. ಬಿಚ್ಚಿದಾಗ ದಪ್ಪ ಗಾಜಿನ ಮೇಲೆ ಉರುಳಿಸಿ ಬಾಗಿದೆಯೇ ಎಂದೂ ಪರೀಕ್ಷಿಸಿ. ರಬ್ಬರ್ ಕವಚವಿದ್ದರೆ ಮಳೆಗಾಲದಲ್ಲಿ ಆಗಾಗ ಸರಿಸಿ ಒರೆಸುವುದು ಅಗತ್ಯ, ಏಕೆಂದರೆ ಒಳಗೆ ನಿಂತ ನೀರೇ ತುಕ್ಕು ಹಿಡಿಸುತ್ತದೆ.

ಉತ್ತರ (ಕಾರ್ಕಳ):
ಮೇಲಿನ ಮಾತು ಸರಿ. ಫೋರ್ಕ್ ಒಳಗಿನ ಸ್ಪ್ರಿಂಗ್ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. ಹಳೆಯ ಸ್ಪ್ರಿಂಗ್ ಕುಗ್ಗಿರುತ್ತದೆ, ಆದ್ದರಿಂದ ಅದರ ಉದ್ದವನ್ನು ಸರ್ವಿಸ್ ಮ್ಯಾನುಯಲ್‌ನ ಮಿತಿಯೊಂದಿಗೆ ಹೋಲಿಸಿ. ಪೈಪ್‌ಗೆ ಕೇಬಲ್ ಟೈ ಕಟ್ಟಿ, ಗಾಡಿಯ ಮೇಲೆ ಕುಳಿತಾಗ ಫೋರ್ಕ್ ಎಷ್ಟು ಇಳಿಯುತ್ತದೆಂದು ಅಳೆಯಿರಿ. ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗಿದ್ದರೆ ಚಿಂತೆಯಿಲ್ಲ. ಸ್ಪ್ರಿಂಗ್ ಮೇಲೆ ತುಂಡು ಪೈಪ್ ಇಟ್ಟರೆ ಗಾಡಿ ಎತ್ತರ ನಿಲ್ಲುತ್ತದೆಯೇ ಹೊರತು ಸ್ಪ್ರಿಂಗ್ ಗಡುಸಾಗುವುದಿಲ್ಲ. ಅನೇಕರು ಇದನ್ನು ತಪ್ಪಾಗಿ ತಿಳಿದಿದ್ದಾರೆ.

ಮುಂದಿನ ಚಕ್ರ ಎತ್ತಿ ನಿಲ್ಲಿಸಿ ಫೋರ್ಕ್ ಹಿಡಿದು ಹಿಂದೆಮುಂದೆ ಅಲ್ಲಾಡಿಸಿ ನೋಡಿ. ಸಡಿಲವಿದ್ದರೆ ಅಥವಾ ಹ್ಯಾಂಡಲ್ ನಡುವಿನಲ್ಲಿ ಕಚ್ಚಿದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲಗೊಂಡಿರಬಹುದು ಅಥವಾ ಸವೆದಿರಬಹುದು. ಪೆಟ್ಟಿಗೆ ಅದೂ ಕಾರಣವಿರಬಹುದು.

ಪ್ರಶ್ನೆ ಕೇಳಿದವರು:
ಉಗುರು ಎಡಗಡೆ ಮಾತ್ರ ತಡೆಯುತ್ತದೆ. ಕೋನ್ ಸೆಟ್ ಸಡಿಲವೂ ಇಲ್ಲ, ಕಚ್ಚುವುದೂ ಇಲ್ಲ. ಒಂದೇ ಪೈಪ್ ಮಾಡಿಸಿದರೆ ಸಾಕೇ?

ಉತ್ತರ (ಮಲ್ಪೆ):
ಸಾಕು. ಸೀಲ್ ಮಾತ್ರ ಎರಡೂ ಕಡೆ ಹೊಸದು ಹಾಕಿ, 10ಡಬ್ಲ್ಯೂ ಆಯಿಲನ್ನೇ ಎರಡಕ್ಕೂ ಸಮನಾಗಿ ಅಳೆದು ತುಂಬಿ. ಆಕ್ಸಲ್ ಪೂರ್ತಿ ಬಿಗಿಯುವ ಮೊದಲು ಫೋರ್ಕ್ ಅನ್ನು ಕೆಲವು ಬಾರಿ ಒತ್ತಿ ಬಿಟ್ಟರೆ ಎರಡು ಕಾಲುಗಳೂ ತಮ್ಮ ನೇರಕ್ಕೆ ಕೂರುತ್ತವೆ.