512 ತೆವಳುತ್ತದೆ, 513 ಓಡುತ್ತದೆ. ಇದೇನು ಕರ್ಮ?

ತುಮಕೂರು_ಟರ್ಮಿನಲ್: ತಲೆ ಕೆಟ್ಟಿದೆ. ದೇವರಾಯನದುರ್ಗದ ಎತ್ತರದ ಡೇಟಾ ಸ್ಮೂತ್ ಮಾಡುತ್ತಿದ್ದೇನೆ. 512x512 ಗ್ರಿಡ್ ಕೊಟ್ಟರೆ ತೆವಳುತ್ತದೆ. ಹಾಳಾಗಲಿ ಅಂತ 513x513 ಕೊಟ್ಟೆ, ಓಡುತ್ತದೆ! ಕೋಡ್ ಸರಿಯಾಗಿದೆ, ಅದೊಂದು ಬಿಟ್ಟು ಹೇಳಿ.

ಹಳೇ_ಪಿಸಿ: ರ‍್ಯಾಮ್ ಒಂದೇ ಸ್ಟಿಕ್ ಇರಬೇಕು. ಸಿಂಗಲ್ ಚಾನೆಲ್ ಆದರೆ ಹೀಗೇ.

ತುಮಕೂರು_ಟರ್ಮಿನಲ್: ಹಾಗಾದರೆ 513 ಕೂಡ ನಿಧಾನ ಆಗಬೇಕಲ್ವಾ ಸರ್?

ಹಳೇ_ಪಿಸಿ: ಸ್ಟಿಕ್ ಬಿಚ್ಚಿ, ರಬ್ಬರಿನಿಂದ ಉಜ್ಜಿ ಹಾಕಿ. ಆಮೇಲೆ ಮಾತಾಡಿ.

ಚಿಂತಾಮಣಿ_ಚಿಪ್: ಮೊದಲು ವಿಂಡೋಸ್ ಕಿತ್ತು ಲಿನಕ್ಸ್ ಹಾಕಿ ಗುರು. ನನ್ನದು ರೈಝನ್, 64 ಜಿಬಿ, ಲಿಕ್ವಿಡ್ ಕೂಲರ್. ಇಂಥ ತಲೆನೋವೇ ಇಲ್ಲ.

ಹಳೇ_ಪಿಸಿ: ಅಷ್ಟೆಲ್ಲ ಇಟ್ಟುಕೊಂಡು ಗೇಮ್ ಆಡೋದು ತಾನೇ?

ಕೋಲಾರ_ಕರ್ನಲ್: ಜಗಳ ಆಮೇಲೆ. ಸಂಖ್ಯೆ ಇಡುವುದು ಫ್ಲೋಟಿನಲ್ಲಾ, ಡಬಲ್ಲಿನಲ್ಲಾ? ಸಾಲು ಹಿಡಿದು ಓದುತ್ತೀರಾ, ಕಾಲಮ್ ಹಿಡಿದಾ? ಸಿಪಿಯು ಯಾವುದು?

ತುಮಕೂರು_ಟರ್ಮಿನಲ್: ಡಬಲ್, ಇನ್ನೇನು. ಸಿ ಭಾಷೆ. ಮೇಲಿಂದ ಕೆಳಗೆ, ಒಂದೊಂದೇ ಕಾಲಮ್. ಐ5-8250ಯು.

ಕೋಲಾರ_ಕರ್ನಲ್: ಅಲ್ಲೇ ಇದೆ. ಡಬಲ್ ಅಂದರೆ 8 ಬೈಟ್, ಸಾಲಿಗೆ 512 ಇದ್ದರೆ 4096 ಬೈಟ್. ನಿಮ್ಮ ಎಲ್1 ಡೇಟಾ ಕ್ಯಾಶ್, ಅಂದರೆ ಸಿಪಿಯು ಒಳಗಿನ ಪುಟ್ಟ ವೇಗದ ಮೆಮೊರಿ, 32 ಕೆಬಿ. ಅದು ಡೇಟಾ ತರುವುದು 64 ಬೈಟಿನ ತುಂಡುಗಳಲ್ಲಿ, ಅದೇ ಲೈನ್. 8-ವೇ, ಅಂದರೆ ಒಂದೊಂದು ಸೆಟ್ಟಿನಲ್ಲಿ (ಗುಂಪಿನಲ್ಲಿ) 8 ಲೈನಿಗೆ ಜಾಗ. ಅಂದರೆ 64 ಸೆಟ್. ಅಡ್ರೆಸ್ಸಿನ ಕೊನೆಯ 6 ಬಿಟ್ ಲೈನಿನೊಳಗಿನ ಬೈಟ್ ತೋರಿಸುತ್ತವೆ, ಅದರ ಮೇಲಿನ 6 ಬಿಟ್ ಸೆಟ್ ತೋರಿಸುತ್ತವೆ. ಉಳಿದದ್ದು ಟ್ಯಾಗ್, ಅಂದರೆ ಲೈನಿನ ಗುರುತು. ಆ ಸೆಟ್ಟಿನ 8 ಜಾಗದ ಟ್ಯಾಗ್ ಹೋಲಿಸಿ ಲೈನ್ ಇದೆಯಾ ಅಂತ ನೋಡುತ್ತದೆ.

ಸಿ ಸಾಲುಗಳನ್ನು ಒಂದರ ಹಿಂದೆ ಒಂದು ಇಡುತ್ತದೆ, ಹಾಗಾಗಿ ಒಂದು ಸೆಲ್ ಕೆಳಗೆ ಇಳಿದರೆ ಅಡ್ರೆಸ್ಸಿಗೆ 4096 ಕೂಡುತ್ತದೆ. 4096 ಕೂಡಿಸಿದರೆ ಆ 12 ಬಿಟ್ ಬದಲಾಗುವುದೇ ಇಲ್ಲ. ಹಾಗಾಗಿ ಒಂದು ಕಾಲಮ್ಮಿನ 512 ಲೈನೂ ಒಂದೇ ಸೆಟ್ಟಿಗೆ ಬೀಳುತ್ತವೆ. ನಮ್ಮ ಟೊಮ್ಯಾಟೊ ಮಂಡಿಗೆ ಬಂದ ಲಾರಿಯೆಲ್ಲ ಒಂದೇ ಅಂಗಡಿ ಮುಂದೆ ನಿಂತ ಹಾಗೆ, ಮಿಕ್ಕ 63 ಖಾಲಿ. ಒಂದು ಲೈನಿನಲ್ಲಿ 8 ಡಬಲ್ ಇರುತ್ತವೆ. ಆದರೆ ಪಕ್ಕದ ಕಾಲಮ್ಮಿಗೆ ಬರುವಷ್ಟರಲ್ಲಿ ಆ ಲೈನ್ ಹೊರಗೆ ಹೋಗಿರುತ್ತದೆ. 513ರಲ್ಲಿ ಪ್ರತಿ ಸಾಲಿಗೂ 8 ಬೈಟ್ ಜರುಗಿ, 64 ಸೆಟ್ಟಿಗೂ ಹಂಚಿಹೋಗುತ್ತದೆ.

ಗ್ರಿಡ್ 512 ಇರಲಿ. ಮೆಮೊರಿಯಲ್ಲಿ ಸಾಲಿಗೆ 520 ಜಾಗ ಕೊಡಿ, ಕೊನೆಯ 8 ಸುಮ್ನೆ ಬಿಡಿ.

ಚಿಂತಾಮಣಿ_ಚಿಪ್: ಪ್ರೋಗ್ರಾಮ್ ಕಾಣುವ ವರ್ಚುಯಲ್ ಅಡ್ರೆಸ್ಸಾ, ಮೆಮೊರಿಯ ನಿಜವಾದ ಫಿಸಿಕಲ್ ಅಡ್ರೆಸ್ಸಾ? ಅದನ್ನು ಹೇಳದೆ ಲೆಕ್ಕ ಹಾಕಿದರೆ ಹೇಗೆ?

ಕೋಲಾರ_ಕರ್ನಲ್: ವರ್ಚುಯಲ್ಲನ್ನು ಫಿಸಿಕಲ್ ಮಾಡುವುದು ಪೇಜ್ ಅನ್ನೋ ತುಂಡುಗಳ ಲೆಕ್ಕದಲ್ಲಿ, ಒಂದು ಪೇಜ್ 4 ಕೆಬಿ. ಆ 12 ಬಿಟ್ ಎರಡರಲ್ಲೂ ಒಂದೇ.

ಹಳೇ_ಪಿಸಿ: ಇಷ್ಟಾದರೂ ರ‍್ಯಾಮ್ ಯಾರೂ ನೋಡಲಿಲ್ಲ.

ತುಮಕೂರು_ಟರ್ಮಿನಲ್: 520 ಹಾಕಿದೆ, ಓಡಿತು! ಸಾಲು ಹಿಡಿದು ಓದಲು ಮಾತ್ರ ಆಗಲ್ಲ. ಮೇಲಿನ ಸೆಲ್ಲಿನ ಉತ್ತರ ಕೆಳಗಿನದಕ್ಕೆ ಬೇಕು.

ಕೋಲಾರ_ಕರ್ನಲ್: ಆಗುತ್ತದೆ. ಮೇಲಿನ ಸಾಲು ಪೂರ್ತಿ ಮುಗಿಸಿ ಕೆಳಗೆ ಇಳಿಯಿರಿ, ಅಷ್ಟೇ. ಲೂಪ್ ಇಲ್ಲಿ ಹಾಕಿ, ನೋಡೋಣ.

ತುಮಕೂರು_ಟರ್ಮಿನಲ್: ಕಾಲೇಜ್ ಪ್ರಾಜೆಕ್ಟ್ ಸರ್, ಹಾಕೋ ಹಾಗಿಲ್ಲ.