18 ಚದರ ಮೀಟರ್ ಕೋಣೆ, 40 ಯೂರೊ, ಐದು ಗಂಟೆಗೇ ಕತ್ತಲು: ಏನು ಮಾಡಲಿ?

ಸಾಗರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಇದೇ ಮಾರ್ಚ್ ಕೊನೆಗೆ ಮಾಸ್ಟರ್ಸ್ ಓದಲು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದೆ. ಫೈಹಿಂಗನ್‌ನಲ್ಲಿ ವಿದ್ಯಾರ್ಥಿಗಳ ಹಾಸ್ಟೆಲ್, 18 ಚದರ ಮೀಟರ್ ಕೋಣೆ. ಅಡುಗೆಮನೆ ಇಡೀ ಮಹಡಿಗೆ ಒಂದು.

ಬೇಸಿಗೆಯಲ್ಲಿ ಏನೂ ಅನ್ನಿಸಿರಲಿಲ್ಲ. ರಾತ್ರಿ ಒಂಬತ್ತೂವರೆಗೂ ಬೆಳಕು. ಅಡುಗೆ ಮಾಡಿ, ಊಟ ಮುಗಿಸಿ, ಪಾತ್ರೆ ತೊಳೆದರೂ ಸೂರ್ಯ ಹೊರಡುವ ಲಕ್ಷಣವೇ ಇರುತ್ತಿರಲಿಲ್ಲ. ಈಗ ಅಕ್ಟೋಬರ್ ಅರ್ಧ ಮುಗಿದಿದೆ, ಆರೂವರೆಗೆ ಸೂರ್ಯ ಮುಳುಗುತ್ತಾನೆ. ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದಂತೆ, ಆಮೇಲೆ ಐದಕ್ಕೇ ಕತ್ತಲಂತೆ. ಕೇಳಿಯೇ ಎದೆ ಧಸಕ್ ಅಂದಿತು.

ನನ್ನ ಕೋಣೆಯಲ್ಲಿ ಮಂಚ, ಮೇಜು, ಕಪಾಟು ಬಿಟ್ಟರೆ ಏನೂ ಇಲ್ಲ. ಛಾವಣಿಯ ನಡುವೆ ಒಂದು ದೀಪ. ಹಚ್ಚಿದರೆ ಆಸ್ಪತ್ರೆ ವಾರ್ಡಿನ ಹಾಗೆ ಬೆಳ್ಳಗೆ. ಎದುರು ಕೋಣೆಯ ಜರ್ಮನ್ ಹುಡುಗಿಯದೂ ಇಷ್ಟೇ ಅಗಲದ ಕೋಣೆ, ಆದರೆ ಒಳಗೆ ಕಾಲಿಟ್ಟರೆ ಎದ್ದು ಬರಲು ಮನಸ್ಸೇ ಆಗುವುದಿಲ್ಲ. ಇದಕ್ಕೆ ಅವರು ‘ಗೆಮ್ಯೂಟ್ಲಿಷ್’ ಅನ್ನುತ್ತಾರೆ. ನನಗೂ ಅದು ಬೇಕು ಅಂತ ಅಂಗಡಿಗೆ ಹೋದೆ. ಪ್ಲಾಸ್ಟಿಕ್ ಎಲೆಯ ಹಾರಕ್ಕೆ 12 ಯೂರೊ, ಪಿಂಗಾಣಿ ಕುಂಬಳಕಾಯಿಗೆ 15. ರಸ್ತೆಯಲ್ಲಿ ರಾಶಿ ಬಿದ್ದ ಎಲೆಗೆ ದುಡ್ಡು ಕೊಡಬೇಕಾ ಅಂತ ಸಿಟ್ಟು ಬಂದು ಬರಿಗೈಯಲ್ಲಿ ಬಂದೆ.

ಊರಲ್ಲಿ ಮಳೆಗಾಲ ಅಂದರೆ ಬಚ್ಚಲೊಲೆ. ಹೊರಗೆ ಧೋ ಅಂತ ಸುರಿಯುತ್ತಿರುತ್ತದೆ, ನಾವು ಒಲೆ ಮುಂದೆ ಮಣೆ ಹಾಕಿಕೊಂಡು ಕೂತು ಹಲಸಿನ ಬೀಜ ಕೆಂಡದಲ್ಲಿ ಸುಟ್ಟು ತಿನ್ನುತ್ತಿದ್ದೆವು. ಬೆಚ್ಚಗೆ ಅಂದರೆ ನನ್ನ ಲೆಕ್ಕದಲ್ಲಿ ಅದು.

ನನ್ನ ಹತ್ತಿರ 40 ಯೂರೊ ಇದೆ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಹೊಗೆಯಂತೂ ಬೇಡವೇ ಬೇಡ. ಕಳೆದ ವಾರ ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿ ಹೊಗೆ ಅಲಾರಂ ಕೂಗಿಸಿ, ಮಹಡಿಯವರನ್ನೆಲ್ಲ ಚಪ್ಪಲಿಯಲ್ಲಿ ಹೊರಗೆ ನಿಲ್ಲಿಸಿದ್ದೇನೆ. ಇಲ್ಲಿ ಚಳಿಗಾಲ ಕಳೆದವರು ಯಾರಾದರೂ ದಾರಿ ಹೇಳಿ.

ಎಸ್ಲಿಂಗನ್ ಮಂಡ್ಯ:

ತಂಗೀ, ಪ್ಲಾಸ್ಟಿಕ್ ಎಲೆ ಬಿಟ್ಟು ಬಂದಿರಲ್ಲ, ಅರ್ಧ ಗೆದ್ದಿರಿ. ನಾನು ಮೊದಲ ವರ್ಷ 60 ಯೂರೊ ಸುರಿದು ಮೇಣದಬತ್ತಿ, ಹಾರ, ಅಳಿಲಿನ ಗೊಂಬೆ ಎಲ್ಲ ತಂದೆ. ಮನೆ ಅಂಗಡಿ ಥರ ಕಾಣುತ್ತಿತ್ತೇ ಹೊರತು ಬೆಚ್ಚಗಾಗಲಿಲ್ಲ. ಯಾಕೆ ಅಂತ ಗೊತ್ತಾಗಲು ಎರಡು ಚಳಿಗಾಲ ಬೇಕಾಯಿತು. ತಪ್ಪು ಇದ್ದದ್ದು ತಲೆ ಮೇಲಿನ ದೀಪದಲ್ಲಿ.

ನಮ್ಮ ಕಡೆ ಟ್ಯೂಬ್‌ಲೈಟ್ ಅಭ್ಯಾಸ. ಮನೆ ಬೆಳ್ಳಗೆ ಫಳಫಳ ಅಂದರೆ ಸಮಾಧಾನ. ಇಲ್ಲಿ ಆ ಬೆಳಕು ಸಂಜೆಯನ್ನು ಕೊಂದುಹಾಕುತ್ತದೆ. ಛಾವಣಿ ದೀಪವನ್ನು ಸಂಜೆ ಹಚ್ಚಲೇಬೇಡಿ. ಅದರ ಬದಲು ಎರಡು ಸಣ್ಣ ದೀಪ, ಎರಡು ಮೂಲೆಯಲ್ಲಿ, ಕೂತಾಗ ನಿಮ್ಮ ಕಣ್ಣಿಗಿಂತ ಕೆಳಗಿರಬೇಕು. ಒಂದನ್ನು ಗೋಡೆ ಕಡೆ ತಿರುಗಿಸಿ. ಬಲ್ಬಿನ ಡಬ್ಬಿ ಮೇಲೆ 2700 ಕೆಲ್ವಿನ್ ಅಂತ ಇರಲಿ. ಅದು ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹಳದಿ. 4000 ಅಂದರೆ ಆಫೀಸು, 6500 ಅಂದರೆ ನಮ್ಮೂರ ಟ್ಯೂಬ್‌ಲೈಟ್. ಇನ್ನೊಂದು ವಿಷಯ, ನಮ್ಮಲ್ಲಿ ಚುಚ್ಚಿ ತಿರುಗಿಸುವ ಪಿನ್ ಬಲ್ಬು, ಇಲ್ಲಿ ಸ್ಕ್ರೂ ಥರ ತಿರುಪುವುದು. ಅದರಲ್ಲೂ ಇ27 ದಪ್ಪ, ಇ14 ಸಣ್ಣ. ದೀಪ ನೋಡದೆ ಬಲ್ಬು ತಂದರೆ ಮತ್ತೆ ಅಂಗಡಿಗೆ ಓಡಬೇಕು. ನಾನು ಎರಡು ಸಲ ಓಡಿದ್ದೇನೆ.

ದೀಪವನ್ನು ಹೊಸದಾಗಿ ಕೊಳ್ಳಬೇಡಿ. ಕ್ಲೈನ್‌ಆನ್‌ತ್ಸೈಗನ್ ಆ್ಯಪಿನಲ್ಲಿ ‘ಪುಕ್ಕಟೆ ಕೊಡುವುದು’ ಅಂತ ಒಂದು ವಿಭಾಗವೇ ಇದೆ. ಮನೆ ಖಾಲಿ ಮಾಡುವವರು ಚೆನ್ನಾಗಿರುವ ದೀಪವನ್ನೂ ಕೊಟ್ಟುಬಿಡುತ್ತಾರೆ, ಹೋಗಿ ಎತ್ತಿಕೊಂಡು ಬರಬೇಕು ಅಷ್ಟೇ. ಇಲ್ಲವಾದರೆ ಶನಿವಾರ ಕಾರ್ಲ್ಸ್‌ಪ್ಲಾಟ್ಸ್‌ನ ಹಳೆ ಸಾಮಾನಿನ ಸಂತೆ. ಬೆಳಿಗ್ಗೆ ಹೋದರೆ ಒಳ್ಳೆಯ ಮಾಲು, ಮುಚ್ಚುವ ಹೊತ್ತಿಗೆ ಹೋದರೆ ಒಳ್ಳೆಯ ಬೆಲೆ. ವಾಪಸ್ ಹೊತ್ತುಕೊಂಡು ಹೋಗಲು ಯಾರಿಗೂ ಮನಸ್ಸಿರುವುದಿಲ್ಲ ನೋಡಿ.

ಇನ್ನು ಎಲೆ. ಮಳೆ ಬಂದ ದಿನ ಆರಿಸಬೇಡಿ, ಕಪ್ಪಾಗುತ್ತವೆ. ಒಣಗಿದ ದಿನ ಮೇಪಲ್ ಎಲೆ ಆರಿಸಿ, ಅಂಚೆ ಡಬ್ಬಿಗೆ ಬಂದು ಬೀಳುವ ಜಾಹೀರಾತು ಪೇಪರಿನ ನಡುವೆ ಇಟ್ಟು ಮೇಲೆ ನಿಮ್ಮ ದಪ್ಪ ಪಠ್ಯಪುಸ್ತಕ ಹೇರಿ. ಮಾರನೇ ದಿನ ಒಮ್ಮೆ ಪೇಪರ್ ಬದಲಿಸಿ, ಒಂದು ವಾರ ಬಿಡಿ. ಆಮೇಲೆ ಕಾಗದದ ಟೇಪಿನಲ್ಲಿ ಕಿಟಕಿ ಗಾಜಿಗೆ ಅಂಟಿಸಿ. ಹಗಲಲ್ಲಿ ಹಿಂದಿನಿಂದ ಬೆಳಕು ಬಿದ್ದಾಗ ಅರಿಶಿನ, ಕುಂಕುಮದ ಬಣ್ಣ. ಎರಡು ತಿಂಗಳಲ್ಲಿ ಮಾಸುತ್ತವೆ, ಅಷ್ಟರಲ್ಲಿ ಕ್ರಿಸ್‌ಮಸ್ ಬಂದಿರುತ್ತದೆ.

ಕುಂಬಳಕಾಯಿ ಬೇಕಂದರೆ ಪಿಂಗಾಣಿಯದು ಯಾಕೆ? ಹೊಕ್ಕೈಡೊ ಅಂತ ಕಿತ್ತಳೆ ಬಣ್ಣದ ಪುಟ್ಟ ಕಾಯಿ ಸಿಗುತ್ತದೆ. ಮೇಜಿನ ಮೇಲೆ ಕೆಲವು ವಾರ ಅಲಂಕಾರಕ್ಕೆ ಇಡಿ, ಮೆತ್ತಗಾಗುವ ಮೊದಲು ಹುಳಿ ಮಾಡಿ. ಸಿಪ್ಪೆ ತೆಗೆಯುವ ಕೆಲಸವೂ ಇಲ್ಲ, ಬೆಂದರೆ ಅದೂ ತಿನ್ನಬಹುದು. ಪಕ್ಕದಲ್ಲೇ ಗಂಟುಗಂಟಾದ, ಪಟ್ಟೆ ಇರುವ ಸಣ್ಣ ಕಾಯಿ ಮಾರುತ್ತಾರಲ್ಲ, ಅದು ನೋಡಲಿಕ್ಕೆ ಮಾತ್ರ. ಒಳಗೆ ಕಹಿ ವಿಷ ಇರುತ್ತದೆ. ಅಮ್ಮ ಸೋರೆಕಾಯಿ ಹೆಚ್ಚುವ ಮೊದಲು ತುದಿ ಕಚ್ಚಿ ನೋಡುತ್ತಿದ್ದರಲ್ಲ, ಅದೇ ಕಹಿ. ಲುಡ್ವಿಗ್ಸ್‌ಬರ್ಗ್ ಅರಮನೆ ತೋಟದಲ್ಲಿ ಪ್ರತಿವರ್ಷ ಕುಂಬಳಕಾಯಿ ಮೇಳ ನಡೆಯುತ್ತದೆ. ಟಿಕೆಟ್ ಇದೆ, ಹಾಗಾಗಿ ನಿಮ್ಮ 40ರಲ್ಲಿ ಬೇಡ. ಮುಂದಿನ ವರ್ಷ ನೋಡಿ.

ಕೊನೆಯದಾಗಿ ಹಲಸಿನ ಬೀಜ. ಅದನ್ನು ಓದಿ ನನಗೇ ಬಾಯಲ್ಲಿ ನೀರು ಬಂತು. ಇಲ್ಲಿ ‘ಮರೋನಿ’ ಅಂತ ಚೆಸ್ಟ್‌ನಟ್ ಸಿಗುತ್ತದೆ, ಸುಟ್ಟರೆ ಹೆಚ್ಚುಕಡಿಮೆ ಅದೇ ರುಚಿ. ಸ್ವಲ್ಪ ಸಿಹಿ ಜಾಸ್ತಿ. ಸಿಪ್ಪೆಗೆ ಚಾಕುವಿನಲ್ಲಿ ಕತ್ತರಿ ಗುರುತು ಹಾಕಿ, 200 ಡಿಗ್ರಿ ಓವನ್‌ನಲ್ಲಿ 20ರಿಂದ 25 ನಿಮಿಷ. ಗುರುತು ಹಾಕುವುದು ಮರೆತರೆ ಢಂ ಅನ್ನುತ್ತದೆ, ನಮ್ಮ ಬೀಜದ ಹಾಗೆಯೇ. ಬಿಸಿ ಇರುವಾಗಲೇ ಸುಲಿಯಬೇಕು.

ಆದರೆ ಪಾರ್ಕಿನಲ್ಲಿ ಬಿದ್ದಿರುವುದನ್ನೆಲ್ಲ ಆರಿಸಿ ತಿನ್ನಬೇಡಿ! ಅಲ್ಲಿ ಬಹಳಷ್ಟು ರೋಸ್‌ಕಸ್ಟಾನಿಯೆ, ಅಂದರೆ ಕುದುರೆ ಚೆಸ್ಟ್‌ನಟ್. ತಿಂದರೆ ಹೊಟ್ಟೆ ಕೆಡುತ್ತದೆ. ಅಂಗೈ ಬಿಡಿಸಿದ ಹಾಗೆ ಎಲೆ, ಸಿಪ್ಪೆಯ ಮೇಲೆ ಅಲ್ಲೊಂದು ಇಲ್ಲೊಂದು ದಪ್ಪ ಮುಳ್ಳು, ಕಾಯಿ ಗುಂಡಗೆ. ತಿನ್ನುವ ಜಾತಿಗಾದರೆ ಒತ್ತೊತ್ತಾದ ಸೂಜಿ ಮುಳ್ಳು, ಕಾಯಿಯ ತುದಿಯಲ್ಲಿ ಸಣ್ಣ ಜುಟ್ಟು. ಅನುಮಾನ ಇದ್ದರೆ ಅಂಗಡಿಯದೇ ತನ್ನಿ.

ಕೌದಿ ಅಕ್ಕ:

ನಾನು ಧಾರವಾಡದಾಕಿ, ಈಗ ಹೈಲ್‌ಬ್ರೊನ್‌ನಲ್ಲಿದ್ದೇನೆ. ಮೇಲಿನ ಅಣ್ಣ ಕುದುರೆ ಚೆಸ್ಟ್‌ನಟ್ ತಿನ್ನಬೇಡ ಅಂದರು, ಸರಿ. ಆದರೆ ಸುಮ್ನೆ ಬಿಡಬೇಡ. ಅದು ಇಲ್ಲಿಯ ಅಂಟುವಾಳಕಾಯಿ ನೋಡು. ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಇದರಲ್ಲೂ ಇದೆ. ಮೊದಲು ಒಂದು ಬಟ್ಟಲು ತುಂಬ ಮೇಜಿನ ಮೇಲಿಡು, ಹೊಸದಾಗಿ ಬಿದ್ದ ಕಾಯಿ ಎಣ್ಣೆ ಹಚ್ಚಿದ ಕುದುರೆ ಮೈಯ ಹಾಗೆ ಹೊಳೆಯುತ್ತದೆ. ನೋಡಿ ಸಾಕಾದ ಮೇಲೆ ಎಂಟು ಹತ್ತು ಕಾಯಿ ಜಜ್ಜಿ, ಒಂದೂವರೆ ಲೋಟ ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ ಸೋಸು. ಆ ನೀರಲ್ಲಿ ಬಣ್ಣದ ಬಟ್ಟೆ ಒಗೆಯಬಹುದು. ಬಿಳಿಯದಕ್ಕೆ ಬೇಡ, ಕಂದು ಛಾಯೆ ಬರುತ್ತದೆ. ಇಟ್ಟರೆ ಕೆಡುತ್ತದೆ, ಆಗಾಗಲೇ ಮಾಡಿಕೊಳ್ಳಬೇಕು.

ನಾನು ಹೇಳಬೇಕಂದದ್ದು ಬೇರೆ. ಕೋಣೆ ಬೆಚ್ಚಗೆ ಕಾಣಿಸಲು ಒಂದು ಹೊದಿಕೆ ಬೇಕು, ಹೌದಲ್ಲ? ಅಂಗಡಿಯಲ್ಲಿ ತರುವ ಬದಲು ಕೌದಿ ಹೊಲಿ. ಸೂಟ್‌ಕೇಸಿನಲ್ಲಿ ಅಮ್ಮ ತುರುಕಿದ ಹಳೆ ಕಾಟನ್ ಸೀರೆ ಒಂದಾದರೂ ಇದ್ದೇ ಇರುತ್ತದೆ. ಹಳೆ ಬಟ್ಟೆ ಅಂಗಡಿಯಲ್ಲಿ ಬೆಡ್‌ಶೀಟ್ ಎರಡು ಮೂರು ಯೂರೊಗೆ ಸಿಗುತ್ತದೆ, ಹತ್ತಿಯದೇ ನೋಡಿ ತಾ. ಸೀರೆಯನ್ನು ಮಡಿಸಿ ಮೂರು ಪದರ ಮಾಡು, ಶೀಟನ್ನು ಹಿಂಬದಿಗೆ ಇಡು, ಗುಂಡುಸೂಜಿ ಚುಚ್ಚಿ ಗಟ್ಟಿ ಮಾಡು. ಆಮೇಲೆ ಸಾದಾ ಓಡುಹೊಲಿಗೆ. ಒಂದು ಸಾಲಿಗೂ ಇನ್ನೊಂದಕ್ಕೂ ಒಂದು ಬೆರಳು ಅಂತರ. ನಮ್ಮ ಅಜ್ಜಿ ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಿದ್ದರು. ನಡುವೆ ಬಟ್ಟೆ ಸುಕ್ಕಾದರೆ ಆಗಲಿ, ಕೌದಿಗೆ ಅದೇ ಚಂದ.

ಪೂರ್ತಿ ಮಂಚಕ್ಕೆ ಹೊಲಿಯಲು ಹೋಗಬೇಡ, ಕೈ ಬಿದ್ದುಹೋಗುತ್ತದೆ. ಮಡಿಲ ಮೇಲೆ ಹಾಕಿಕೊಳ್ಳುವಷ್ಟು, ಒಂದು ಮೀಟರ್‌ಗೆ ಒಂದೂವರೆ ಮೀಟರ್ ಸಾಕು. ದಿನಾ ಸಂಜೆ ಒಂದು ತಾಸು ಹೊಲಿದರೆ ಮೂರು ನಾಲ್ಕು ವಾರ. ಅಷ್ಟರಲ್ಲಿ ನಿನ್ನ ಐದು ಗಂಟೆ ಕತ್ತಲೂ ರೂಢಿಯಾಗಿರುತ್ತದೆ.

ಬಸವನಗುಡಿ ಗೊಂಬೆ:

ಬೆಂಗಳೂರಲ್ಲಿ ಕೂತು ಇದನ್ನೆಲ್ಲ ಓದುತ್ತಿದ್ದೇನೆ. ಇಲ್ಲಿ ಶರತ್ಕಾಲ ಅಂದರೆ ದಸರಾ ಗೊಂಬೆ ಪೆಟ್ಟಿಗೆ ಅಟ್ಟದಿಂದ ಇಳಿಯುವುದು, ಬೆನ್ನು ನೋವು, ಗೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿ ಚರ್ಪು. ನಿಮ್ಮ ಎಲೆ ಹುಚ್ಚು ನೋಡಿ ನಗು ಬಂತು, ಆಮೇಲೆ ಹೊರಗೆ ಹೋಗಿ ನಮ್ಮ ಬಾದಾಮಿ ಮರದ ಕೆಂಪೆಲೆ ಎರಡು ಆರಿಸಿಕೊಂಡು ಬಂದೆ.

ಕಿಟಕಿ ತೆಗೀರಿ:

ಅಲಂಕಾರ ಆಯಿತು. ಈಗ ಬೇಸರದ ಮಾತು. ನಾನು ಬಾಡಿಗೆ ಮನೆ ಬಿಡುವಾಗ ಗೋಡೆಗೆ ಬಂದ ಬೂಸಲಿಗೆ ಠೇವಣಿಯ ಹಣ ಕಳೆದುಕೊಂಡವನು, ಅದಕ್ಕೇ ಹೇಳುತ್ತಿದ್ದೇನೆ.

ಚಳಿ ಅಂತ ಕಿಟಕಿ ಮುಚ್ಚಿಕೊಂಡು, ಒಳಗೇ ಬಟ್ಟೆ ಒಣಗಿಸಿ, ಅನ್ನ ಬೇಯಿಸಿದರೆ ಆವಿ ಎಲ್ಲಿಗೆ ಹೋಗಬೇಕು? ತಣ್ಣಗಿರುವ ಹೊರಗೋಡೆ ಮೂಲೆಯಲ್ಲಿ ನೀರಾಗಿ ಕೂರುತ್ತದೆ, ಅಲ್ಲಿ ಬೂಸಲು. ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆಗೆದು ಐದರಿಂದ ಹತ್ತು ನಿಮಿಷ ಬಿಡಿ, ಆಗ ಹೀಟರ್ ಆರಿಸಿ. ಇಡೀ ದಿನ ಕಿಟಕಿಯನ್ನು ಓರೆ ತೆಗೆದಿಡುವುದು ದಂಡ, ಗೋಡೆ ತಣ್ಣಗಾಗುತ್ತದೆ ಅಷ್ಟೇ. ಕಪಾಟನ್ನು ಹೊರಗೋಡೆಗೆ ಅಂಟಿಸಬೇಡಿ. ಕೌದಿಯನ್ನು ಹೀಟರ್ ಮೇಲೆ ಹರಡಬೇಡಿ.

ಹೀಟರ್ ತಿರುಗಣೆಯಲ್ಲಿ 3 ಅಂದರೆ ಸರಿಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ, ಎಲ್ಲಿ ನಿಲ್ಲಬೇಕು ಅನ್ನುವುದನ್ನಷ್ಟೇ ಅದು ಹೇಳುವುದು.

ಮೇಣದಬತ್ತಿ ಹಚ್ಚುವ ಮೊದಲು ಹಾಸ್ಟೆಲ್ ನಿಯಮದ ಹಾಳೆ ಓದಿ. ಪುಟ್ಟ ಮೇಣದ ದೀಪಗಳ ಮೇಲೆ ಮಣ್ಣಿನ ಕುಂಡ ಬೋರಲು ಹಾಕಿ ‘ಹೀಟರ್’ ಮಾಡುವ ವಿಡಿಯೊ ನಿಮಗೂ ಬಂದಿರುತ್ತದೆ. ದಯವಿಟ್ಟು ಮಾಡಬೇಡಿ. ಕುಂಡ ಇಟ್ಟ ಮಾತ್ರಕ್ಕೆ ಮೇಣದಿಂದ ಹೆಚ್ಚು ಶಾಖ ಬರುವುದಿಲ್ಲ. ಒತ್ತಾಗಿ ಇಟ್ಟ ದೀಪಗಳ ಮೇಣವೇ ಹೊತ್ತಿಕೊಂಡರೆ ಕಥೆ ಮುಗಿಯಿತು. ಇಲ್ಲಿಯ ಅಗ್ನಿಶಾಮಕದವರೂ ಬೇಡ ಅಂತ ಹೇಳಿದ್ದಾರೆ.

ಸಾಗರದ ಹುಡುಗಿ:

ನವೆಂಬರ್ 2. ಲೆಕ್ಕ ಒಪ್ಪಿಸಲು ಬಂದೆ.

ದೀಪ ಒಂದು ಬಾಡ್ ಕಾನ್‌ಸ್ಟಾಟ್‌ನ ಅಜ್ಜಿಯೊಬ್ಬರಿಂದ ಪುಕ್ಕಟೆ. ನನ್ನ ಭುಜದೆತ್ತರದ ಕಂಬದ ದೀಪ, ಎಸ್-ಬಾನ್ ರೈಲಿನಲ್ಲಿ ಮದುವೆ ಮನೆಯ ಛತ್ರಿಯಂತೆ ಹಿಡಿದುಕೊಂಡು ಬಂದೆ. ಇನ್ನೊಂದು ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ, 8 ಹೇಳಿ 5ಕ್ಕೆ ಕೊಟ್ಟರು. ಬಲ್ಬು ಎರಡು, 7 ಯೂರೊ. (ಅಣ್ಣಾ, ಒಂದು ಇ14 ಆಗಿತ್ತು. ನಾನೂ ವಾಪಸ್ ಓಡಿದೆ.) ಬೆಡ್‌ಶೀಟ್, ದಾರ, ಸೂಜಿ 6. ಹೊಕ್ಕೈಡೊ 3. ಮರೋನಿ ಅರ್ಧ ಕಿಲೊ 4. ಕಾಗದದ ಟೇಪು 2. ಒಟ್ಟು 27. ಉಳಿದ 13ರಲ್ಲಿ ದಪ್ಪ ಉಣ್ಣೆ ಕಾಲುಚೀಲ ತಂದೆ. ಅದನ್ನು ಯಾರೂ ಹೇಳಲೇ ಇಲ್ಲವಲ್ಲ! ನೆಲ ಮಂಜುಗಡ್ಡೆ.

ನಿಯಮದ ಹಾಳೆಯಲ್ಲಿ ಕೋಣೆಯೊಳಗೆ ಬೆಂಕಿ ಹಚ್ಚುವಂತಿಲ್ಲ ಅಂತ ದಪ್ಪ ಅಕ್ಷರದಲ್ಲೇ ಇತ್ತು. ಹಾಗಾಗಿ ಮೇಣದಬತ್ತಿ ಇಲ್ಲ. ಕೊರತೆ ಅನ್ನಿಸಲಿಲ್ಲ.

ನವೆಂಬರ್ 1 ಇಲ್ಲಿಯೂ ರಜೆ ಅಂತ ಗೊತ್ತಿರಲಿಲ್ಲ. ನಮ್ಮ ರಾಜ್ಯೋತ್ಸವಕ್ಕಲ್ಲ, ಅವರ ಸಂತರ ಹಬ್ಬಕ್ಕೆ. ಅಂಗಡಿ ಎಲ್ಲ ಬಾಗಿಲು, ಮನೆಯಲ್ಲಿ ಹಾಲೂ ಇರಲಿಲ್ಲ. ಕರಿ ಚಹಾ ಕುಡಿಯುತ್ತ ಕಿಟಕಿಗೆ ಎಲೆ ಅಂಟಿಸಿದೆ. ಮೇಲೆ ಹಳದಿ ಸಾಲು, ಕೆಳಗೆ ಕೆಂಪು ಸಾಲು. ಎದುರು ಕೋಣೆಯವಳು ಬಂದು ಬಣ್ಣಗಳನ್ನು ಹೀಗೆ ಬೇರೆ ಬೇರೆ ಮಾಡಿದ್ದೇಕೆ ಅಂತ ಕೇಳಿದಳು. ಬಾವುಟದ ಕಥೆ ಹೇಳಿದೆ. ಅವಳಿಗೆ ಮರೋನಿ ಕೊಟ್ಟೆ. ಅವಳೇ ಒಂದಕ್ಕೆ ಗುರುತು ಹಾಕಲು ಮರೆತಿದ್ದಳು, ಓವನ್ ಒಳಗೆ ಢಂ ಅಂದಿತು. ಇಬ್ಬರೂ ಮೊದಲು ನೋಡಿದ್ದು ಹೊಗೆ ಅಲಾರಂ ಕಡೆ. ಪುಣ್ಯಕ್ಕೆ ಕೂಗಲಿಲ್ಲ. ರುಚಿ, ಆಣೆ ಮಾಡಿ ಹೇಳುತ್ತೇನೆ, ಹಲಸಿನ ಬೀಜದ್ದೇ. ಕೆಂಡದ ವಾಸನೆ ಒಂದಿಲ್ಲ.

ಕೌದಿ ನಾಲ್ಕು ಸುತ್ತು ಆಗಿದೆ. ಹೊಲಿಗೆ ಹಾವಿನ ಹಾಗೆ ಹೋಗಿದೆ ಅಕ್ಕ, ಫೋಟೊ ಕೇಳಬೇಡಿ.

ಅಮ್ಮ ಊಟ ಮುಗಿಸಿ ಹತ್ತು ಗಂಟೆಗೆ ವಿಡಿಯೊ ಕಾಲ್ ಮಾಡುತ್ತಾಳೆ. ಮೊದಲು ಇಲ್ಲಿ ಆರೂವರೆ ಆಗಿರುತ್ತಿತ್ತು, ಗಡಿಯಾರ ಬದಲಾದ ಮೇಲೆ ಐದೂವರೆ. ಇವತ್ತು ಎರಡೂ ದೀಪ ಹಚ್ಚಿ, ಅರ್ಧ ಕೌದಿ ಮಡಿಲ ಮೇಲೆ ಹಾಕಿಕೊಂಡು, ಅವಳಿಗೆ ಕಾಣಲಿ ಅಂತ ಫೋನನ್ನು ಕುಂಬಳಕಾಯಿಗೆ ಒರಗಿಸಿ ಕೂತಿದ್ದೆ. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

“ಯಾಕೆ ಕೂಸೇ ಕತ್ತಲಲ್ಲಿ ಕೂತಿದ್ದೀಯ? ಅಲ್ಲೂ ಕರೆಂಟ್ ತೆಗೀತಾರಾ?”